ನೂರಕ್ಕೆ ನಲವತ್ತು

ಕುತ್ತಿಗೆಯ ಹಿಂದೆ ಏನೋ ಹರಿದಾಡುತ್ತಿದೆ, ಇರುವೆಯೇ ಇರಬೇಕು, ಈ ಚೆಂಡುಹೂವಿನ ಹಾರದಿಂದ ಇಳಿದದ್ದು, ಒಂದೇ ಒಂದು, ಕಾಲರಿನ ಒಳಗೆ ಹೋಗಲೋ ಹೊರಗೇ ಇರಲೋ ಎಂದು ಯೋಚಿಸುವ ಹಾಗೆ ನಿಂತು ನಿಂತು ನಡೆಯುತ್ತಿದೆ, ಕೈ ಎತ್ತಿ ಹೊಸಕಿಬಿಡಬಹುದು, ಆದರೆ ಎತ್ತುವುದು ಹೇಗೆ, ಒಂದು ಕೈಯಲ್ಲಿ ಹಣ್ಣಿನ ತಟ್ಟೆ, ಇನ್ನೊಂದು ಕೈ ಶಾಲಿನೊಳಗೆ ಸಿಕ್ಕಿಕೊಂಡಿದೆ, ತಲೆಯ ಮೇಲಿನ ಪೇಟ ಒಂದು ಸುತ್ತು ದೊಡ್ಡದು, ಅಲ್ಲಾಡಿದರೆ ಕಣ್ಣಿಗೆ ಇಳಿಯುತ್ತದೆ, ಎದುರಿಗೆ ಗುಂಡ್ಲುಪೇಟೆಯ ಈ ಸಭಾಭವನದ ತುಂಬ ಜನ — ಡಾಕ್ಟರ್ ಚಿಕ್ಕಮಾದು ಸನ್ಮಾನದ ಕುರ್ಚಿಯಲ್ಲಿ ಕೂತು ಕತ್ತು ಕೆರೆದುಕೊಂಡರಂತೆ ಎಂದು ನಾಳೆ ಚಾಮರಾಜನಗರದ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಗುವುದಕ್ಕೆ ಅಷ್ಟೇ ಸಾಕು. ಮೈಕಿನ ಮುಂದೆ ಗುರುಪಾದಸ್ವಾಮಿ, ಅವನ ಕಾಲೇಜಿನ ನಿವೃತ್ತ ಪ್ರಿನ್ಸಿಪಾಲರು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಮದುವೆ ಮನೆಯಲ್ಲಿ ಮುಯ್ಯಿ ಓದುವವರ ಹಾಗೆ ಓದುತ್ತಿದ್ದಾರೆ — ಪ್ರಕಟವಾದ ಸಂಶೋಧನಾ ಲೇಖನಗಳು ಮೂವತ್ತೇಳು, ಮಹನೀಯರೆ, ಬೇರೆ ವಿದ್ವಾಂಸರು ತಮ್ಮ ಬರಹಗಳಲ್ಲಿ ಇವರ ಹೆಸರು ಹೇಳಿ ಉಲ್ಲೇಖಿಸಿರುವುದು ಇನ್ನೂರಕ್ಕೂ ಹೆಚ್ಚು ಸಲ — ಚಪ್ಪಾಳೆ, ಯಾಕೆ ತಟ್ಟುತ್ತಾರೆ, ಏನು ಗೊತ್ತಾಯಿತು ಇವರಿಗೆ — ಕೀಟಶಾಸ್ತ್ರದವರು ಉಲ್ಲೇಖಿಸಿದ್ದಾರೆ, ಅರ್ಥಶಾಸ್ತ್ರದವರು ಉಲ್ಲೇಖಿಸಿದ್ದಾರೆ, ಸಮಾಜಶಾಸ್ತ್ರ, ಆರೋಗ್ಯಶಾಸ್ತ್ರ, ಕೊನೆಗೆ ಮನೆ ಕಟ್ಟುವ ವಾಸ್ತುಶಿಲ್ಪದವರು ಕೂಡ ನಮ್ಮ ಕುದೇರಿನ ಚಿಕ್ಕಮಾದು ಅವರ ಮಾತಿಲ್ಲದೆ ಪುಸ್ತಕ ಬರೆಯುವಂತಿಲ್ಲ, ಹೊಸ ಜಿಲ್ಲೆ ಆಗಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ನಮಗೊಬ್ಬ ವಿಶ್ವವಿಜ್ಞಾನಿ ಸಿಕ್ಕಿದ್ದಾನೆ — ವಿಶ್ವವಿಜ್ಞಾನಿಯಂತೆ, ಇವನ ತಲೆ. ಎರಡನೆಯ ಸಾಲಿನಲ್ಲಿ ಅವನ ತಂಗಿ ಪುಟ್ಟಮಾದಮ್ಮ ಕೂತಿದ್ದಾಳೆ, ಹಸಿರು ಸೀರೆ, ಮಡಿಲಲ್ಲಿ ವೈರ್ ಬ್ಯಾಗು, ಬೆಳಿಗ್ಗೆ ಕಾರಿನಲ್ಲಿ ಬರುವಾಗ ಅವಳು ಆ ಕಿಟಕಿಯ ಕಡೆ, ಇವನು ಈ ಕಿಟಕಿಯ ಕಡೆ, ಇವನಿಗೆ ಬಂದ ಸಿಟ್ಟಿಗೆ ದಾರಿಯಲ್ಲಿ ಸಿಕ್ಕ ಕುರಿಮಂದೆಯನ್ನೆಲ್ಲ ಬೈದಿದ್ದ, ಈಗ ಅವಳು ಚಪ್ಪಾಳೆ ತಟ್ಟುತ್ತಿದ್ದಾಳೆ, ಎಲ್ಲರೂ ತಟ್ಟಿದ ಮೇಲೆ, ಒಂದು ಗಳಿಗೆ ತಡವಾಗಿ.

ಮೂವತ್ತೇಳು ನಿಜ, ಇನ್ನೂರೂ ನಿಜ, ಸುಳ್ಳು ಅಂತ ಯಾವ ನನ್ಮಗನೂ ಹೇಳುವಂತಿಲ್ಲ, ಬೆಂಗಳೂರಿನ ಲೈಬ್ರರಿಯ ಕಂಪ್ಯೂಟರಿನಲ್ಲಿ ತೆಗೆಸಿ ತಂದ ಉದ್ದನೆಯ ಕಾಗದ ಅದು, ಅಂಚಿನಲ್ಲಿ ತೂತು ತೂತು, ಬಿಚ್ಚಿದರೆ ಅಂಗಳದ ಈ ಗೋಡೆಯಿಂದ ಆ ಗೋಡೆಗೆ. ಆದರೆ ಗುರುಪಾದಸ್ವಾಮಿ ಓದದೆ ಬಿಟ್ಟದ್ದು ಒಂದಿದೆ, ಆ ಇನ್ನೂರು ಸಲವೂ ಅವರು ಹಿಡಿದದ್ದು ಒಂದೇ ಲೇಖನವನ್ನು, ಉಳಿದ ಮೂವತ್ತಾರನ್ನು ಜಗತ್ತಿನಲ್ಲಿ ಒಬ್ಬನೂ ಮುಟ್ಟಿಲ್ಲ, ರೇಷ್ಮೆ ಹುಳದ ಮೈಮೇಲೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಊಜಿ ನೊಣದ ರೆಕ್ಕೆಯ ನರಗಳ ಮೇಲೆ ಆರು ವರ್ಷ, ಸೂಕ್ಷ್ಮದರ್ಶಕಕ್ಕೆ ಕಣ್ಣು ಒತ್ತಿ ಒತ್ತಿ ಎಡಗಣ್ಣಿಗೆ ನೀರು ಬರುವ ರೋಗ ಬಂತು, ಆ ಚಿತ್ರಗಳಲ್ಲಿ ಒಂದು ಗೆರೆ ತಪ್ಪಿಲ್ಲ, ರೇಷ್ಮೆ ಹುಳದ ಕರುಳು, ಅದರ ಉಸಿರಿನ ರಂಧ್ರಗಳು, ಎಲ್ಲ ಅವನೇ ಕೊಯ್ದು ಅವನೇ ಕಂಡದ್ದು, ನಿಜವಾದದ್ದು, ಬೇಡ, ಯಾರಿಗೂ ಬೇಡ. ಬೇಕಾದದ್ದು ಆ ಒಂದು ಸಾಲು — ಜನ ವಾಸಿಸುವ ಮನೆಯೊಳಗೇ ಹುಳು ಸಾಕಿದರೆ ಊಜಿ ನೊಣದಿಂದ ಬೆಳೆಯ ನೂರಕ್ಕೆ ನಲವತ್ತು ಭಾಗ ನಷ್ಟ, ಬೇರೆ ಹುಳುಮನೆ ಕಟ್ಟಿಸಿ ಸಾಕಿದರೆ ನೂರಕ್ಕೆ ಹತ್ತು. ಎಷ್ಟು ಚೆನ್ನಾಗಿದೆ, ಹಿಡಿಯಲು ಹಿಡಿ ಇರುವ ಸಾಲು, ಕುಡುಗೋಲಿನ ಹಾಗೆ. ಕೀಟದವನು ತೆಗೆದುಕೊಂಡ, ಅವನಿಂದ ಅರ್ಥಶಾಸ್ತ್ರದವನು ತೆಗೆದುಕೊಂಡ, ಇವನ ಲೇಖನ ಓದದೆ ಅವನದನ್ನು ಓದಿ, ನಲವತ್ತರಲ್ಲಿ ಎಷ್ಟು ಹೆಂಗಸರ ದುಡಿಮೆ ಮಣ್ಣುಪಾಲಾಯಿತು ಎಂದು ಲೆಕ್ಕ ಹಾಕಿದ, ಅವನನ್ನು ಓದಿ ಆರೋಗ್ಯದವನು ಮನೆಯೊಳಗಿನ ನೊಣಗಳ ಬಗ್ಗೆ ಬರೆದ, ಅದನ್ನು ಓದಿದ ಯಾರೋ ವಾಸ್ತುಶಿಲ್ಪಿ ಹಳ್ಳಿಯ ಮನೆಗೆ ಕಿಟಕಿ ಎಲ್ಲಿಡಬೇಕು ಎಂದು ನಕ್ಷೆ ತೆಗೆದ, ಎಲ್ಲರ ಕೊನೆಯ ಪುಟದಲ್ಲಿ ಮಾದು ಮತ್ತು ಇತರರು, ಮಾದು ಮತ್ತು ಇತರರು, ಪೊಲೀಸ್ ಸ್ಟೇಷನ್ನಿನಲ್ಲಿ ಕೇಸು ಬರೆದ ಹಾಗೆ. ಇತರರು ಅಂದರೆ ಶಿವರಾಮು ಒಬ್ಬನೇ, ಆಗಿನ ವಿದ್ಯಾರ್ಥಿ, ಈಗ ಬಂಡೀಪುರದಲ್ಲಿ ಫಾರೆಸ್ಟ್ ಗಾರ್ಡು, ಹೋದ ಯುಗಾದಿಗೆ ಸಿಕ್ಕಿದ್ದ, ನಿನ್ನ ಹೆಸರು ಜಪಾನಿನಲ್ಲಿ ಅಚ್ಚಾಗಿದೆ ಕಣೋ ಅಂದರೆ, ಅಂಗಾ ಸಾರ್, ಅಲ್ಲೂ ಆನೆ ಓಡ್ಸೋರು ಬೇಕಾ ಅಂದ. ನಗು ಬಂದಿತ್ತು ಆವತ್ತು. ಇರುವೆ ಕಾಲರಿನೊಳಗೆ ಇಳಿಯಿತು. ಬೆಳಿಗ್ಗೆ ತಂಗಿಯ ಮನೆಯ ರೇಷ್ಮೆ ತಟ್ಟೆಯಲ್ಲಿ ಕಂಡ ಆ ಹುಳು, ಪೊರೆ ಅರ್ಧಕ್ಕೇ ಸಿಕ್ಕಿಕೊಂಡದ್ದು, ಮುಂದಿನ ಅರ್ಧ ಹೊಸ ಮೈ, ಬೆಳ್ಳಗೆ, ತೇವವಾಗಿ, ಹಿಂದಿನ ಅರ್ಧ ಹಳೆಯ ಪೊರೆಯೊಳಗೇ — ಯಾಕೆ ನೆನಪಾಗುತ್ತದೆ ಈಗ.

ಬೆಳಿಗ್ಗೆ ಕುದೇರಿನಲ್ಲಿ ಕಾರು ನಿಲ್ಲಿಸಿದಾಗ ಪುಟ್ಟಮಾದಮ್ಮ ಇನ್ನೂ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು, ನಡುಮನೆಯಲ್ಲೇ ತಟ್ಟೆಗಳು, ಮಲಗುವುದು ಅಲ್ಲೇ, ಉಣ್ಣುವುದು ಅಲ್ಲೇ, ಹುಳು ಮೇಯುವ ಸದ್ದು ಹೆಂಚಿನ ಮೇಲೆ ತುಂತುರು ಬಿದ್ದ ಹಾಗೆ, ಅವನು ಹುಟ್ಟಿದ್ದೂ ಆ ಸದ್ದಿನೊಳಗೇ. ವಸಿ ತಡಿ ಅಣ್ಣ, ನಾಕನೆ ಜ್ವರ ಎದ್ದದೆ, ಹಸ್ಕಂಡವೆ ಅಂದಳು, ಪೊರೆ ಬಿಡುವುದಕ್ಕೆ ಹುಳು ಮೇವು ಬಿಟ್ಟು ತಲೆ ಎತ್ತಿ ಕೂತರೆ ಜ್ವರಕ್ಕೆ ಕೂತಿತು ಅನ್ನುತ್ತಾರೆ, ಪೊರೆ ಕಳಚಿ ಮೇಯಲು ತೊಡಗಿದರೆ ಜ್ವರ ಎದ್ದಿತು, ಅವನು ಇದನ್ನೇ ಇಂಗ್ಲಿಷಿನಲ್ಲಿ ಮೂರು ಲೇಖನ ಮಾಡಿದ್ದಾನೆ. ತಟ್ಟೆಯೊಳಗೆ ಬಗ್ಗಿದರೆ ಅಷ್ಟೂ ಹುಳುಗಳ ನಡುವೆ ಆ ಒಂದು, ಎಳೆಯುತ್ತಿದೆ, ಬರುತ್ತಿಲ್ಲ. ಇದು ಬದುಕಲ್ಲ ತೆಗಿ ಅಂದ. ಅವಳು ಎತ್ತಿ ಕೆಟ್ಟ ಹುಳು ಹಾಕುವ ಸುಣ್ಣದ ಬಾಣಲೆಗೆ ಹಾಕಿದಳು. ಬೆಳೆ ಚೆನ್ನಾಗಿದೆ, ಕಣ್ಣಿಗೇ ಕಾಣುತ್ತದೆ, ಕಪ್ಪು ಚುಕ್ಕೆಯ ಹುಳು, ಅಂದರೆ ನೊಣ ಮೊಟ್ಟೆ ಇಟ್ಟ ಹುಳು, ಹುಡುಕಿದರೂ ಒಂದೋ ಎರಡೋ, ಹೋದ ಬೆಳೆ ಎಷ್ಟು ಗೂಡಾಯ್ತು ಅಂತ ಸುಮ್ಮನೆ ಕೇಳಿದ, ಮಾತಿಗೆ, ಅವಳ ಮಗಳು ಭಾನು ನಡುಗಂಬಕ್ಕೆ ಒರಗಿ ತಲೆ ಬಾಚಿಕೊಳ್ಳುತ್ತಿದ್ದವಳು, ಮಾವ, ಹೋದ್ಸಲ ನೂರು ಮೊಟ್ಟೆಗೆ — ಅಷ್ಟೇ ಅಂದದ್ದು, ಪುಟ್ಟಮಾದಮ್ಮ ಸೊಪ್ಪಿನ ಕಡ್ಡಿಯಲ್ಲೇ ಅವಳ ಮೊಣಕಾಲಿಗೆ ಬಿಟ್ಟಳು, ಬಾಯ್ ಮುಚ್ಕಣಮ್ಮಿ, ಹುಳಿನ್ ಮುಂದ್ಗಡೆ ಲೆಕ್ಕ ಯೋಳ್ತಳೆ, ಮೂದೇವಿ. ಅವನಿಗೆ ನಗು, ನಾನೇನು ಹೊರಗಿನವನಾ, ನಿನ್ನ ಒಡಹುಟ್ಟಿದವನಲ್ಲವಾ ಅಂದ. ಅವಳೂ ನಕ್ಕಳು, ಅದ್ಕೇ ಯೋಳಕಿಲ್ಲ ಕಣಣ್ಣ, ಬ್ಯಾರೇರ್ ಕಣ್ ಬಿದ್ರೆ ಉಪ್ಪು ಮೆಣಸಿನ್ಕಾಯಿ ನಿವಾಳ್ಸಿ ಒಲೆಗೆ ಹಾಕ್ಬೋದು, ಒಡಹುಟ್ದೋರ್ ಕಣ್ಗೆ ಮದ್ದಿಲ್ಲ, ಆವತ್ತೂ ನಿನ್ಗೆ ಯೋಳ್ನಿಲ್ವಲ್ಲ. ಆವತ್ತು ಅಂದರೆ ಯಾವತ್ತು. ಅದೇ, ಆ ಶಿವರಾಮು ಹೈದನ್ನ ಕರ್ಕಂಡು ಬೀದಿ ಬೀದಿ ತಿರುಗ್ತಿದ್ದಲ್ಲ, ಎಷ್ಟಾಯ್ತು ಎಷ್ಟಾಯ್ತು ಅನ್ಕಂಡು, ನಲವತ್ತು ಕಿಲೋ ಆಗಿತ್ತು, ಇಪ್ಪತ್ತೈದು ಅಂದೆ, ಪಕ್ಕದ್ಮನೆ ಕರಿಬಸಮ್ಮನೂ ಅಂಗೇ ಅಂದ್ಲು, ಬೀದಿ ಹೆಂಗಸ್ರೆಲ್ಲ ಅಂಗೇ ಅಂದ್ರು, ಯಾರಾದ್ರೂ ಪೂರಾ ಯೋಳ್ತರಾ — ಬಾಕಿದ್ದು ನೊಣ ತಿಂತು ಅಂತ ನೀನೇ ಬರ್ಕಂಡೆ. ನೀನೇ ಬರ್ಕಂಡೆ. ಅವನ ಕಿವಿಯಲ್ಲಿ ಹುಳು ಮೇಯುವ ಸದ್ದು ನಿಂತುಹೋಯಿತು, ನಿಜವಾಗಿ ನಿಂತಿತು, ಥೂ ನಿನ್ನ ಬಾಯಿಗೆ ಮಣ್ಣಾಕ ಎಂದು ಕೂಗಿದ್ದು ತಾನೇ ಎಂದು ಆಮೇಲೆ ಗೊತ್ತಾಯಿತು, ಭಾನುವಿನ ಬಾಚಣಿಗೆ ತಲೆಯಲ್ಲೇ ನಿಂತಿತ್ತು, ಪುಟ್ಟಮಾದಮ್ಮ ಹೊಸ ಸೀರೆ ಉಟ್ಟು ಬಂದು ಕಾರಿನಲ್ಲಿ ಕೂತಳು.

ಅವಳನ್ನು ಬೈದು ಏನು ಬಂತು, ಗೊತ್ತಿರಬೇಕಾದವನು ಯಾರು. ಮೈಸೂರಿನ ಮೇಷ್ಟರಿಗೆ ಗೊತ್ತಿಲ್ಲ ಅನ್ನಬಹುದು, ಜಪಾನಿನವನಿಗೆ ಗೊತ್ತಿಲ್ಲ, ಕುದೇರಿನ ಹುಳಿನ ಮನೆಯಲ್ಲಿ ಹುಟ್ಟಿ, ಹುಳಿನ ತಟ್ಟೆಯ ಕೆಳಗೆ ಮಲಗಿ ಬೆಳೆದ ಚಿಕ್ಕಮಾದುವಿಗೆ ಗೊತ್ತಿಲ್ಲವೆ — ಎರಡನೇ ಕ್ಲಾಸಿನಲ್ಲಿದ್ದ, ಹೊಸದಾಗಿ ಎಣಿಸಲು ಕಲಿತಿದ್ದ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಬಿಡಿಸಿದ ಗೂಡಿನ ಮಂಕರಿಗಳನ್ನು ಎಣಿಸಿ ಜಗಲಿಯ ಮೇಲೆ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ್ದ, ಅವ್ವ ಒಳಗಿಂದ ಬಂದವಳೇ ಕಪಾಳಕ್ಕೆ ಒಂದು ಬಿಟ್ಟಳು, ಸೊಪ್ಪಿನ ಹಸಿ ವಾಸನೆಯ ಕೈ, ಆ ಮುಂದಿನ ಬೆಳೆ ಹಾಲುರೋಗ ಬಂದು ಪೂರಾ ಕೊಳೆತುಹೋಯಿತು, ನಿನ್ನ ಬಾಯಿಂದಲೇ ಕಣ್ಲಾ ಎಂದು ಅವ್ವ ಸಾಯುವ ತನಕ ಅನ್ನುತ್ತಿದ್ದಳು. ಅದನ್ನೇ ಮರೆತನಲ್ಲ. ಮರೆಯಲಿಲ್ಲ, ಅದು ಬೇರೆಯವರಿಗೆ ಹೇಳುವ ಮಾತು, ನನಗಲ್ಲ ಅಂದುಕೊಂಡ, ಪ್ಯಾಂಟು ಹಾಕಿ ಬೀದಿಗೆ ಇಳಿದಾಗ ನಮ್ಮ ಮಾದಪ್ಪ ಬಂದ ನಮ್ಮ ಮಾದಪ್ಪ ಬಂದ ಎಂದು ಹೆಂಗಸರು ಮಜ್ಜಿಗೆ ಕೊಟ್ಟರು, ಮಣೆ ಹಾಕಿದರು, ಬೇರೆ ಯಾವ ವಿಜ್ಞಾನಿಗೆ ಸಿಗುತ್ತದೆ ಈ ಸಲಿಗೆ ಎಂದು ಉಬ್ಬಿದ, ನಮ್ಮವನು ಎಂದ ಮೇಲೆ ನಿಜ ಹೇಳುತ್ತಾರೆ ಅಂದುಕೊಂಡ, ನಮ್ಮವನು ಅದಕ್ಕೇ ಹೇಳಬಾರದು ಎಂದು ಅವರು ಅಂದುಕೊಂಡರು. ಒಳಗೆ ಹೋಗಿ ತಟ್ಟೆ ಇಳಿಸಿ ಕಪ್ಪು ಚುಕ್ಕೆಯ ಹುಳುಗಳನ್ನು ಒಂದೊಂದಾಗಿ ಎಣಿಸಬೇಕಾಗಿತ್ತು, ಅದು ಸರಿಯಾದ ದಾರಿ, ಅವನೇ ಪಾಠ ಮಾಡುವುದು, ಆದರೆ ಎಣಿಸಬೇಕಾದರೆ ಮುಟ್ಟಬೇಕು, ಕಾಲು ತೊಳೆದು, ಮಡಿಬಟ್ಟೆ ಉಟ್ಟು, ಮನೆಮನೆಗೂ ಹಾಗೆ ಮಾಡುವವರು ಯಾರು, ಬಿಸಿಲು ಬೇರೆ, ಹೊಸಿಲಲ್ಲೇ ನಿಂತು ಕೇಳಿದ, ಶಿವರಾಮು ಬರೆದುಕೊಂಡ. ಬೇರೆ ಹುಳುಮನೆ ಕಟ್ಟಿಸಿದ ಗೌಡರು, ಮೇಷ್ಟರು, ಅವರೆಲ್ಲ ಬ್ಯಾಂಕಿನವರಿಗೆ ಬೆಳೆ ತೋರಿಸಿ ತೋರಿಸಿ ರೂಢಿಯಾದವರು, ಇದ್ದದ್ದನ್ನು ಇದ್ದ ಹಾಗೆ, ಒಂದು ಹಿಡಿ ಮೇಲಕ್ಕೇ ಹೇಳಿದರು. ಹೋಯಿತಲ್ಲ, ನಲವತ್ತಕ್ಕೂ ಹತ್ತಕ್ಕೂ ನಡುವೆ ಇದ್ದದ್ದು ನೊಣವೇ ಅಲ್ಲ, ಬಾಯಿ. ಆಮೇಲೆ ಮನೆಯಲ್ಲಿ ಕೂತು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷಿಗೆ ಇಳಿಸಿದ, ಕೇಳಿದೆ ಎಂದು ಬರೆದರೆ ಚಿಲ್ಲರೆಯಾಗಿ ಕಂಡಿತು, ನಷ್ಟ ನಲವತ್ತು ಎಂದು ಕಂಡುಬಂದಿದೆ ಎಂದು ಬರೆದ, ಎಲ್ಲಿ ಕಂಡುಬಂತು, ಯಾರಿಗೆ ಕಂಡುಬಂತು, ಹೊಸಿಲಾಚೆ ಕತ್ತಲಿತ್ತು. ಆಮೇಲಿನ ಲೇಖನಗಳಲ್ಲಿ ತನ್ನ ಮಾತಿಗೆ ತಾನೇ ಸಾಕ್ಷಿ ಹಾಕಿಕೊಂಡ, ಮಾದು ಮತ್ತು ಇತರರು ತೋರಿಸಿರುವಂತೆ, ರೀಡರ್ ಆದ, ಮುಖ್ಯಸ್ಥನಾದ, ಪ್ರೊಫೆಸರ್ ಆದ, ಒಂದರ ಮೇಲೊಂದು, ಎಲ್ಲದರ ತಳದಲ್ಲಿ ಪುಟ್ಟಮಾದಮ್ಮನ ಇಪ್ಪತ್ತೈದು ಕಿಲೋ. ಆ ಹುಳು ಎಳೆಯುತ್ತಿತ್ತು, ಮೈ ಉದ್ದ ಮಾಡಿ, ತಲೆ ಅತ್ತ ಇತ್ತ ಆಡಿಸಿ, ಹಳೆಯ ಪೊರೆ ನಡುವಿಗೆ ದಾರ ಕಟ್ಟಿದ ಹಾಗೆ ಬಿಗಿದಿತ್ತು.

ಮುಂದೆ ಮಾತಾಡುವವರು ಬೆಂಗಳೂರಿನ ಸಾಹೇಬರು, ರೈತರಿಗೆ ರೇಷ್ಮೆ ಹುಳದ ಮೊಟ್ಟೆ ಹಂಚುವ ಸರ್ಕಾರಿ ಕಚೇರಿಗಳಿಗೆಲ್ಲ ಮೇಲಿನವರು, ಬಿಳಿ ಸಫಾರಿ, ಒಳ್ಳೆಯ ಮನುಷ್ಯ, ಅದೇ ಕಷ್ಟ, ಕಳ್ಳನಾಗಿದ್ದರೆ ಜಗಳ ಆಡಬಹುದಾಗಿತ್ತು. ಹೋದ ತಿಂಗಳು ಮನೆಗೇ ಬಂದು, ಡಾಕ್ಟ್ರೆ, ನಿಮ್ಮ ನೂರಕ್ಕೆ ನಲವತ್ತನ್ನು ನಾನು ಕಾಗದದಲ್ಲಿ ಬಿಡುವುದಿಲ್ಲ, ನೆಲಕ್ಕೆ ಇಳಿಸುತ್ತೇನೆ ಅಂದಿದ್ದರು, ಇವನೇ ಕಾಫಿ ಕೊಟ್ಟು, ಧಾರಾಳವಾಗಿ ಇಳಿಸಿ ಅಂದಿದ್ದ, ಹೆಮ್ಮೆಯಿಂದ. ಏನು ಇಳಿಸುತ್ತಾರೆ ಎಂದು ಗೊತ್ತಿದೆ, ಇವತ್ತು ಇಲ್ಲೇ ಹೇಳುತ್ತಾರೆ. ಹೇಳುವ ಮೊದಲು ಎದ್ದುಹೋಗಿ ಕಿವಿಯಲ್ಲಿ ಹೇಳಿಬಿಡಬೇಕು, ತಪ್ಪಾಗಿದೆ ಸ್ವಾಮಿ, ಸ್ವಲ್ಪ ತಡೆಯಿರಿ, ಎದ್ದರೆ ಈ ತಟ್ಟೆ, ಈ ಹಾರ, ಈ ಶಾಲು. ಪಕ್ಕದ ಕುರ್ಚಿಯಲ್ಲಿ ಮಹಮ್ಮದ್ ಇಸ್ಮಾಯಿಲ್, ಗೂಡು ಕೊಂಡು ನೂಲು ತೆಗೆಸುವ ವ್ಯಾಪಾರಿ, ಇವತ್ತಿನ ಪೇಟ ಶಾಲು ಅವನ ಕೊಡುಗೆ, ಅತ್ತರಿನ ವಾಸನೆ, ಅವನ ಕಡೆ ಬಗ್ಗಿ, ಸಾಬರೇ, ಆ ನಲವತ್ತು ತಪ್ಪು ಲೆಕ್ಕ ಕಣ್ರೀ ಎಂದು ಪಿಸುಗುಟ್ಟಿದ. ಇಸ್ಮಾಯಿಲ್ ಮುಖ ತಿರುಗಿಸದೆ, ಫೋಟೋದವನ ಕಡೆಗೇ ನಗುತ್ತ, ಬಿಡಿ ಸಾರ್, ಗಡ್ಡ ಬೋಳಿಸುವಾಗ ಅರ್ಧಕ್ಕೆ ಏಳಬಾರದು, ಈ ಕಡೆ ಮುಖಾನೂ ಕೆಡ್ತದೆ ಆ ಕಡೆ ಮುಖಾನೂ ಕೆಡ್ತದೆ ಅಂದ. ಸಾಹೇಬರು ಶುರು ಮಾಡಿಯೇಬಿಟ್ಟರು, ಡಾಕ್ಟರ್ ಚಿಕ್ಕಮಾದು ಅವರ ಸಂಶೋಧನೆ ಪ್ರಪಂಚಕ್ಕೆಲ್ಲ ಉಪಯೋಗವಾಯಿತು, ಅವರ ಊರಿಗೇ ಆಗಲಿಲ್ಲ, ಅದಕ್ಕೆ ಈ ಹೊಸ ಜಿಲ್ಲೆಯಿಂದಲೇ ಶುರು ಮಾಡುತ್ತಿದ್ದೇವೆ, ಮುಂದಿನ ಬೆಳೆಯಿಂದ, ಪ್ರತ್ಯೇಕ ಹುಳುಮನೆ ಇಲ್ಲದವರಿಗೆ, ವಾಸದ ಮನೆಯಲ್ಲೇ ಸಾಕುವವರಿಗೆ, ಮೊಟ್ಟೆ ಕೊಡುವುದಿಲ್ಲ. ಮುಂದಿನ ಸಾಲಿನಲ್ಲಿ ಚಪ್ಪಾಳೆ, ಹುಳುಮನೆ ಇರುವವರ ಸಾಲು ಅದು. ಹಿಂದಿನಿಂದ ಒಬ್ಬ ಎದ್ದು, ಸ್ವಾಮೇ, ಪುಣಜನೂರವ್ನು ನಾನು, ಕಾಡಂಚ್ನಲ್ಲಿ ಮನೆಗೇ ಗೋಡೆ ಗತಿಯಿಲ್ಲ, ಹುಳಕ್ಕೆಲ್ಲಿ ಕಟ್ಟನ ಇನ್ನೊಂದ ಅಂದ, ಕೂತ್ಕಳಯ್ಯ ಕೂತ್ಕ, ದೊಡ್ಡೋರು ಮಾತಾಡ್ತಾವ್ರೆ, ಅಕ್ಕಪಕ್ಕದವರೇ ಅಂಗಿ ಹಿಡಿದು ಕೂರಿಸಿದರು. ಪುಟ್ಟಮಾದಮ್ಮ ಅಲ್ಲಾಡಲಿಲ್ಲ. ವೈರ್ ಬ್ಯಾಗಿನ ಹಿಡಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು, ಸಾಹೇಬರನ್ನು ನೋಡಲಿಲ್ಲ, ನೇರವಾಗಿ ಅಣ್ಣನನ್ನೇ ನೋಡಿದಳು, ಸಿಟ್ಟಿನಿಂದಲ್ಲ, ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು, ಜಾತ್ರೆಯಲ್ಲಿ ಕೈಬಿಟ್ಟ ಕೂಸಿನ ಹಾಗೆ ನೋಡಿದಳು, ಗಂಡ ಸತ್ತ ವರ್ಷ ಅವಳನ್ನು ಹಿಡಿದು ನಿಲ್ಲಿಸಿದ್ದು ಆ ಹುಳು, ಭಾನುವನ್ನು ಓದಿಸುತ್ತಿರುವುದು ಆ ಹುಳು, ಆಮೇಲೆ ಕೂಲಿಗೆ ಹೋಗುತ್ತಾಳೆ, ಕಂಡವರ ಹುಳುಮನೆಗೇ ಹೋಗುತ್ತಾಳೆ ಸೊಪ್ಪು ಕುಯ್ಯಲು, ಅವಳಲ್ಲದೆ ಆ ಬೀದಿಯ ಹೆಂಗಸರೆಲ್ಲ, ಮಜ್ಜಿಗೆ ಕೊಟ್ಟವರು, ನಮ್ಮ ಮಾದಪ್ಪ ಎಂದವರು. ಈಗ ಸನ್ಮಾನಿತರು ಎರಡು ಮಾತು — ಗುರುಪಾದಸ್ವಾಮಿ ಕೈಹಿಡಿದು ಎಬ್ಬಿಸುತ್ತಿದ್ದಾರೆ.

ಎರಡು ಮಾತು, ಸಾಕು, ಒಂದೇ ಸಾಕು. ಮೈಕು ಕೀಂ ಎಂದಿತು, ಅದರ ಕತ್ತು ಎತ್ತರಕ್ಕೆ ನಿಂತಿದೆ, ಅವನು ಗದ್ದ ಎತ್ತಿ ಮಾತಾಡಬೇಕು, ಪೇಟ ಹಿಂದಕ್ಕೆ ಜಾರುತ್ತಿದೆ, ಹೋದರೆ ಹೋಗಲಿ, ಏನೆಂದು ಶುರು ಮಾಡಲಿ, ವೇದಿಕೆಯ ಮೇಲಿರುವ ಗಣ್ಯರೆ ಎಂದು ಬೇಡ, ನೇರವಾಗಿ ಹೇಳಿಬಿಟ್ಟ, ಆ ನೂರಕ್ಕೆ ನಲವತ್ತು ತಪ್ಪು, ನೊಣ ತಿಂದದ್ದಲ್ಲ, ನಾನು ಹುಳು ನೋಡಲಿಲ್ಲ, ಹೊಸಿಲಲ್ಲಿ ನಿಂತು ಕೇಳಿದೆ, ಅವರು ಕಡಿಮೆ ಹೇಳಿದರು, ಹುಳಿನ ಮನೆಯಲ್ಲಿ ಯಾರೂ ಪೂರಾ ಹೇಳುವುದಿಲ್ಲ, ಅದು ನಿಮಗೂ ಗೊತ್ತು, ನನಗೂ ಗೊತ್ತಿತ್ತು, ನಾನು ಕತ್ತೆ. ಮುಂದಿನ ಸಾಲಿನಿಂದ ನಗು ಎದ್ದಿತು, ಒಳ್ಳೆಯ ನಗು, ಮೆಚ್ಚಿಕೆಯ ನಗು, ಹಿಂದಕ್ಕೆ ಹಬ್ಬಿತು, ಚಪ್ಪಾಳೆಯಾಯಿತು. ಸಾಹೇಬರು ಕೂತಲ್ಲಿಂದಲೇ ಇನ್ನೊಂದು ಮೈಕು ಎಳೆದುಕೊಂಡು, ನೋಡಿ, ನೋಡಿ ಕಲಿಯಬೇಕು ನಾವು, ಇಷ್ಟು ದೊಡ್ಡವರು, ತಮ್ಮನ್ನೇ ಕತ್ತೆ ಅಂದುಕೊಳ್ಳುತ್ತಾರೆ, ತುಂಬಿದ ಕೊಡ ತುಳುಕುವುದಿಲ್ಲ ಅಂದರು. ಇದು ವಿನಯ ಅಲ್ಲ ಕಣ್ರೀ ಎಂದು ಕೂಗಿದ, ದನಿ ಒಡೆಯಿತು, ನಿಜ ಹೇಳುತ್ತಿದ್ದೇನೆ, ತಪ್ಪು, ತಪ್ಪು ಅದು, ಮೊಟ್ಟೆ ನಿಲ್ಲಿಸಬೇಡಿ, ಮೊದಲು ಹೋಗಿ ಎಣಿಸಿ. ಇನ್ನೂರು ಜನ ವಿದ್ವಾಂಸರು ಒಪ್ಪಿದ್ದಾರೆ ಡಾಕ್ಟ್ರೆ, ಐದು ಶಾಸ್ತ್ರದವರು ಒಪ್ಪಿದ್ದಾರೆ, ನೀವೊಬ್ಬರು ಬೇಡ ಅಂದರೆ ಆಗುತ್ತದೆಯೇ, ಸಾಹೇಬರು ನಗುನಗುತ್ತಲೇ ಅಂದರು, ಇವನ ಬೆನ್ನು ಸವರುವ ದನಿಯಲ್ಲಿ. ಒಪ್ಪಿದವರು ಒಬ್ಬರೂ ಕುದೇರಿಗೆ ಬಂದಿಲ್ಲ, ಒಬ್ಬರೂ ತಟ್ಟೆ ಇಳಿಸಿ ನೋಡಿಲ್ಲ, ಒಬ್ಬನನ್ನು ನೋಡಿ ಒಬ್ಬ — ಹೇಳಲು ಹೋದರೆ ಸಿಟ್ಟಿಗೆ ನಾಲಿಗೆ ಮಡಚಿಕೊಳ್ಳುತ್ತದೆ, ಅಷ್ಟರಲ್ಲಿ ಕಣ್ಣಿಗೆ ಹಸಿರು ಸೀರೆ ಕಂಡಿತು, ಅಗೋ, ನನ್ನ ತಂಗಿ, ಪುಟ್ಟಮಾದಮ್ಮ, ನಡುಮನೆಯಲ್ಲೇ ಹುಳು ಸಾಕುತ್ತಾಳೆ, ಅವಳನ್ನು ಕೇಳಿ, ಹೇಳು ಪುಟ್ಟಿ, ಬೆಳಿಗ್ಗೆ ನನಗೆ ಹೇಳಿದೆಯಲ್ಲ, ಅದನ್ನೇ ಹೇಳು, ಎದ್ದೇಳು. ಸಭೆಯ ತಲೆಗಳೆಲ್ಲ ಒಂದೇ ಸಲ ತಿರುಗಿದವು. ಯಾರೋ ಅವಳ ಮುಂದೆ ಮೈಕು ಹಿಡಿದರು. ಅವಳು ಎದ್ದಳು, ಬ್ಯಾಗು ಎದೆಗೆ ಒತ್ತಿಕೊಂಡು, ಸೆರಗು ತಲೆಯ ಮೇಲೆ ಎಳೆದುಕೊಂಡಳು. ಸಾಹೇಬರು ಮೆತ್ತಗೆ ಕೇಳಿದರು, ಹೆದರಬೇಡಮ್ಮ, ನಿಮ್ಮ ಮನೆಯಲ್ಲಿ ಗೂಡು ಎಷ್ಟಾಗುತ್ತದೆ, ಇದ್ದದ್ದು ಹೇಳಿ. ಹೇಳು, ನಲವತ್ತು ಕಿಲೋ ಅನ್ನು, ಒಂದು ಸಲ ಅನ್ನು. ಪುಟ್ಟಮಾದಮ್ಮ ಸುತ್ತ ನೋಡಿದಳು, ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ಭವನದ ತುಂಬ ಕಣ್ಣು, ಗೊತ್ತಿದ್ದ ಕಣ್ಣು, ಗೊತ್ತಿಲ್ಲದ ಕಣ್ಣು, ಮುಂದಿನ ಸಾಲಿನ ಹುಳುಮನೆಯವರ ಕಣ್ಣು, ಗೂಡು ಕೊಳ್ಳುವ ಇಸ್ಮಾಯಿಲ್ಲನ ಕಣ್ಣು, ಎಲ್ಲಕ್ಕೂ ಮೇಲೆ ಪೇಟದ ಕೆಳಗಿನ ಅಣ್ಣನ ಕಣ್ಣು, ಮನೆಯಲ್ಲಿ ನಾಕನೆ ಜ್ವರ ಎದ್ದ ಹುಳು ಮೇಯುತ್ತಿವೆ, ಇನ್ನೇನು ಗೂಡು ಕಟ್ಟುವ ಹೊತ್ತು, ಅವಳ ತುಟಿ ಎರಡು ಸಲ ಅಲ್ಲಾಡಿತು, ಆಮೇಲೆ ಮೈಕಿನಲ್ಲಿ ಅವಳ ದನಿ ಬಂತು, ಅಳುವ ದನಿ, ಬೇಡಿಕೊಳ್ಳುವ ದನಿ, ಏನಾದದು ಬುಡಿ ಬುದ್ಧಿ, ಬಡವರ ಮನೆ ಹುಳ, ಅರ್ಧಕ್ಕರ್ಧ ನೊಣನೇ ತಿಂದೋಯ್ತದೆ, ಮೊಟ್ಟೆ ಮಾತ್ರ ನಿಲ್ಲಿಸ್ಬ್ಯಾಡಿ.

ಅರ್ಧಕ್ಕರ್ಧ. ಡಾಕ್ಟರ್ ನಲವತ್ತು ಅಂದರು, ತಂಗಿ ಐವತ್ತು ಅಂತಾರೆ, ಸಾಹೇಬರು ಹೇಳುತ್ತಿದ್ದಾರೆ, ಇನ್ನೇನು ಬೇಕು ಸಾಕ್ಷಿ, ಚಪ್ಪಾಳೆ, ಈಗ ಮೊದಲಿನದಕ್ಕಿಂತ ಜೋರು, ಗುರುಪಾದಸ್ವಾಮಿ ಹಿಂದಿನಿಂದ ಬಂದು ಪೇಟ ನೆಟ್ಟಗೆ ಮಾಡುತ್ತಿದ್ದಾರೆ, ಫೋಟೋದವನು ಈ ಕಡೆ ನೋಡಿ ಸಾರ್ ಅನ್ನುತ್ತಿದ್ದಾನೆ, ಪುಟ್ಟಮಾದಮ್ಮ ಕೂತುಬಿಟ್ಟಿದ್ದಾಳೆ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಇವನನ್ನೇ ನೋಡುತ್ತಿದ್ದಾಳೆ, ಸರಿಯಾಗಿ ಹೇಳಿದೆನಾ ಅಣ್ಣ ಎಂದು ಕೇಳುವ ಹಾಗೆ, ಹುಳು ಉಳಿಸಿಕೊಂಡೆನಾ ಎಂದು ಕೇಳುವ ಹಾಗೆ, ಅವನ ಬಾಯಿ ತೆರೆದಿದೆ, ಮೈಕು ಎದುರಿಗಿದೆ, ಗದ್ದ ಮೇಲಕ್ಕೆತ್ತಿ ನಿಂತಿದ್ದಾನೆ, ಶಾಲಿನೊಳಗೆ ಕೈ, ಆ ತಟ್ಟೆ, ಆ ಹಸಿರು ಸೊಪ್ಪು, ಅಷ್ಟು ಹುಳುಗಳ ನಡುವೆ ಅದೊಂದು, ಮುಂದಿನ ಅರ್ಧ ಬೆಳ್ಳಗೆ, ತೇವವಾಗಿ, ಹಿಂದಿನ ಅರ್ಧ ಹಳೆಯ ಪೊರೆಯೊಳಗೆ, ತಲೆ ಎತ್ತಿದೆ, ಎಳೆಯುತ್ತಿದೆ, ನಿಂತಿದೆ, ಎಳೆಯುತ್ತಿದೆ, ತಲೆ ಎತ್ತಿದೆ